ತಗ್ಗಿನ ಕೇರಿ

ಡಾಕ್ಟರೇ, ಇದು ಇವತ್ತಿನ ಇನ್ನೂರ ಹದಿನಾಲ್ಕನೆಯ ಚೂರು.
ಹಲ್ಲುಜ್ಜುವ ಬ್ರಷ್ಷು ಸವೆದುಹೋಗಿದೆ, ಬೇರೆ ಕೊಡಿಸಿ.
ನೀಲಿ ಬಳ್ಳಿಯ ಪಿಂಗಾಣಿ ಬಂದರೆ ಚೀನಾದ್ದು ಅಂತೀರಿ,
ಹೊಗೆಸೊಪ್ಪಿನ ಕೊಳವೆಯ ತುಂಡು ಹಾಲೆಂಡಿನದು ಅಂತೀರಿ,
ಮಸಿ ಹಿಡಿದ ಮಡಕೆಯ ಅಂಚು ಬಂದಾಗ ಮಾತ್ರ
'ಸ್ಥಳೀಯ' ಎಂದಷ್ಟೇ ಬರೆದು ಬೇರೆ ಚೀಲಕ್ಕೆ.
ಅದರ ಕಂಠದಲ್ಲಿ ಉಗುರಿನಿಂದ ಗೀರಿದ ಅಲೆ ಇದೆ, ನೋಡಿದಿರಾ?
ನಮ್ಮತ್ತೆಯೂ ಹಾಗೇ ಗೀರುತ್ತಿದ್ದಳು.
ಹೆಬ್ಬೆರಳಿನ ಉಗುರು ಸೀಳಿತ್ತು,
ಅವಳ ಅಲೆಗೆ ಯಾವಾಗಲೂ ಎರಡು ಗೆರೆ.

ನಮ್ಮ ಮೊಜಾಂಬಿಕ್ ದ್ವೀಪ ಉಪ್ಪು ಹಚ್ಚಿ ಮಲಗಿಸಿದ ಮೀನು.
ತಲೆಯಲ್ಲಿ ಕೋಟೆ,
ಹೊಟ್ಟೆಯಲ್ಲಿ ಕಲ್ಲಿನೂರು: ಸುಂಕದ ಮನೆ, ಇಗರ್ಜಿ, ಸುಣ್ಣದ ಮಾಳಿಗೆ,
ಬಾಲದಲ್ಲಿ ನಾವು, ತೆಂಗಿನ ಗರಿಯ ಮಾಡಿನವರು.
ಬೇಸಿಗೆಯಲ್ಲಿ ನಮ್ಮಜ್ಜಿ ಮುವಾನಾಶಾ
ಬಾಲದಿಂದ ತಲೆಯವರೆಗೆ ನಡೆದು
ಕೋಟೆಯ ತೊಟ್ಟಿಯ ಮಳೆನೀರು ಹೊತ್ತು ತರುತ್ತಿದ್ದಳು.
ಫಿರಂಗಿಯ ಮೇಲೆ ಕೊಡ ಇಳಿಸಿ ದಣಿವಾರಿಸಿಕೊಳ್ಳುತ್ತಿದ್ದಳಂತೆ.
ಫಿರಂಗಿಯಿಂದ ನಮಗಾದ ಉಪಕಾರ ಅಷ್ಟೇ.

ಬಿರುಗಾಳಿಯ ಮಾರನೆಯ ಬೆಳಿಗ್ಗೆ ದಂಡೆಯಲ್ಲಿ ಮಣಿ ಸಿಗುತ್ತವೆ.
ಯಾವುದೋ ಮುಳುಗಿದ ಹಡಗು ಇನ್ನೂ ಕಂತುಕಂತಾಗಿ ಸಾಲ ತೀರಿಸುತ್ತಿದೆ.
ಹಸಿರು, ಹಳದಿ, ನೀಲಿ ಆಯ್ದು ಪೋಣಿಸಿ
ನಾವು ಪ್ರವಾಸಿಗಳಿಗೆ ಮಾರುತ್ತೇವೆ.
ಸಣ್ಣ ಕೆಂಪು ಮಣಿಯನ್ನು ಮಾತ್ರ ಅಜ್ಜಿ ದಾರಕ್ಕೆ ಏರಿಸಲಿಲ್ಲ.
ಬೊಗಸೆಯಿಂದ ಹಾಗೇ ಸಮುದ್ರಕ್ಕೆ ಸುರಿಯುತ್ತಿದ್ದಳು.
'ಯಾಕಜ್ಜಿ?' ಅಂದರೆ
'ಇವನ್ನು ಒಮ್ಮೆ ಎಣಿಸಿ ಆಗಿದೆ,' ಅನ್ನುವಳು.
ಯಾರು, ಯಾರಿಗಾಗಿ ಎಣಿಸಿದ್ದರೆಂದು
ನಾನು ಕೇಳುವಷ್ಟು ದೊಡ್ಡವಳಾಗುವ ಮೊದಲೇ ಹೋದಳು.

ನೀವು ಸುಂಕದ ಮನೆಯ ಹಿತ್ತಲಲ್ಲಿ ಎರಡು ಮೀಟರು ಚೌಕ
ದಾರ ಕಟ್ಟಿ, ಚಮಚದಲ್ಲಿ ಪಾಯಸ ತೆಗೆದಂತೆ ಮಣ್ಣು ತೆಗೆಯುತ್ತೀರಿ.
ಮೊಣಕಾಲಿನ ಆಳಕ್ಕೆ ಹೋದಾಗ
ಇನ್ನೂರು ವರ್ಷ ಇಳಿದೆವು ಎಂದು ಬೆವರೊರೆಸಿಕೊಂಡಿರಿ.
ನನಗೆ ನಗು ಬಂತು, ತಪ್ಪು ತಿಳಿಯಬೇಡಿ.
ನಾನು ದಿನಾ ಸಂಜೆ ಹನ್ನೊಂದು ಮೆಟ್ಟಿಲು ಇಳಿದು ಮನೆಗೆ ಹೋಗುವವಳು.

ಆ ಮಾಳಿಗೆಗಳ ಹವಳದ ಕಲ್ಲು ಎಲ್ಲಿಂದ ಬಂತು?
ನಮ್ಮ ಕೇರಿಯಿಂದ.
ಕಡಿದು ಕಡಿದು, ಹೊತ್ತು ಹೊತ್ತು
ಊರು ಆ ಕಡೆ ಎಷ್ಟು ಏರಿತೋ ಈ ಕಡೆ ಅಷ್ಟು ಇಳಿಯಿತು.
ತೋಡಿದವನು ತಾನೇ ಗುಂಡಿಗೆ ಬೀಳುತ್ತಾನೆ ಅಂತ ಗಾದೆ.
ಅದು ಕೂಲಿಯವನಿಗೆ ಮಾಡಿದ ಗಾದೆ ಇರಬೇಕು.
ತೋಡಿಸಿದವರು ಬೀಳಲಿಲ್ಲ, ಬಾಲ್ಕನಿಗೆ ಹತ್ತಿದರು.
ತೋಡಿದವರು ಗುಂಡಿಯಲ್ಲೇ ಒಲೆ ಹೂಡಿದರು.

ನಿನ್ನೆ ನೀವು ಕೊನೆಗೂ ಅಳತೆಕೋಲು ಹಿಡಿದು ಬಂದಿರಿ.
ನನ್ನ ಮನೆಯ ಹಿಂದಿನ ಬಂಡೆಗೆ ಒರಗಿಸಿ ನಿಲ್ಲಿಸಿದಿರಿ.
ಕೋಲಿನ ತುದಿಗಿಂತ ಮೇಲೆ ರಸ್ತೆ,
ರಸ್ತೆಯಲ್ಲಿ ಮಕ್ಕಳ ಹಿಮ್ಮಡಿ, ಒಂದು ಸೈಕಲ್ಲಿನ ಚಕ್ರ.
ಬಂಡೆಯ ತುಂಬ ಗುದ್ದಲಿಯ ಓರೆ ಗೀರು.
'ಎಡಗೈಯವನೊಬ್ಬ ಇದ್ದ,' ಎಂದಿರಿ ಬೆರಳಾಡಿಸಿ.
ಮೂವತ್ತು ವರ್ಷ ನಾನು ಆ ಗೀರಿಗೆ ಸಿಕ್ಕಿಸಿದ್ದು
ಮೀನಿನ ಜರಡಿ, ಮಗಳ ಶಾಲೆಯ ಚೀಲ.
ಎಡಗೈ ನನಗೆ ಕಂಡಿರಲಿಲ್ಲ.
ನನ್ನ ಗಂಡ ಅಬಾಕಾರ್ ಎಡಗೈಯವನು. ನಿಮಗೆ ಹೇಳಲಿಲ್ಲ.

ಅಷ್ಟರಲ್ಲಿ ಮಳೆ.
ಕಲ್ಲಿನೂರಿನಲ್ಲಿ ಮಳೆ ಅಂದರೆ ಸದ್ದು, ನಮ್ಮಲ್ಲಿ ನೆಂಟ,
ಹೇಳದೆ ಬಂದು ಒಳಕೋಣೆಯಲ್ಲೇ ಕೂರುತ್ತದೆ.
ಮುಖಕ್ಕೆ ಬಳಿದಿದ್ದ ಮುಸೀರೋ ಕರಗಿ ಕಣ್ಣಿಗಿಳಿಯುತ್ತ
ನಾನು ಅಕ್ಕಿಯ ಡಬ್ಬ ಎತ್ತಿದೆ, ಮಗಳು ಹಾಸಿಗೆ ಎತ್ತಿದಳು,
ನೀವು ಪಡಸಾಲೆಯಲ್ಲಿ ಒಣಗಲಿಟ್ಟ ಚೂರುಗಳ ಬೋಗುಣಿಯನ್ನು
ತಲೆಯ ಮೇಲಿಟ್ಟು, ಮೊಣಕಾಲುದ್ದ ಕೆಸರಿನಲ್ಲಿ
ನನ್ನ ಮೆಟ್ಟಿಲು ಒಂದೊಂದೇ ಹತ್ತಿದಿರಿ.
ಮೂರನೆಯದರಲ್ಲಿ ಜಾರಿತು.

ಚೀನಾ, ಹಾಲೆಂಡು, ಸ್ಥಳೀಯ, ಎಲ್ಲ ಒಂದೇ ಕೆಸರು.
ಕೈಗೆ ಸಿಕ್ಕಷ್ಟು ಬಾಚಿಕೊಂಡು ಬಂದೆ.
ಅಳುಮುಖ ಮಾಡಬೇಡಿ ಡಾಕ್ಟರೇ, ನನಗೆ ದಿನಗೂಲಿ.
ಮತ್ತೆ ಮೊದಲನೆಯ ಚೂರಿನಿಂದ ತೊಳೆಯುತ್ತೇನೆ.
ಬ್ರಷ್ಷು ಮರೆಯಬೇಡಿ.